ಕ್ಲೋಸ್‌ಪೇಟೆ ಗ್ರಾನೈಟ್: ಒಂದು ಶಿಲಾಪಾಕದ ಚರಿತ್ರೆ

ಕನಕಪುರದ ದಕ್ಷಿಣದಿಂದ ಹಂಪಿಯವರೆಗೆ, ನಡುವೆ ಅನಂತಪುರದ ಸೀಮೆಯನ್ನೂ ಹಾಯ್ದು, ಗ್ರಾನೈಟ್ ಶಿಲೆಯ ಪಟ್ಟಿಯೊಂದು ಉತ್ತರ ದಕ್ಷಿಣವಾಗಿ ಹಬ್ಬಿದೆ. ಉದ್ದ ಸುಮಾರು 400 ಕಿ.ಮೀ., ಅಗಲ ಹೆಚ್ಚಿನ ಕಡೆ 20ರಿಂದ 30 ಕಿ.ಮೀ. ಭೂವಿಜ್ಞಾನದಲ್ಲಿ ಇದಕ್ಕೆ ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಹೆಸರು. ಟಿಪ್ಪುವಿನ ನಂತರ ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್‌ನ ಗೌರವಾರ್ಥ ದಿವಾನ್ ಪೂರ್ಣಯ್ಯ ಕಟ್ಟಿಸಿದ ಕ್ಲೋಸ್‌ಪೇಟೆಯೇ ಇಂದಿನ ರಾಮನಗರ. ಈ ಶಿಲೆ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಇಪ್ಪತ್ತನೆಯ ಶತಮಾನದುದ್ದಕ್ಕೂ ಉತ್ತರ ಬದಲಾಗುತ್ತಲೇ ಬಂದಿದೆ.

ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ 1894ರಲ್ಲಿ ಶುರುವಾಯಿತು. ಅದರ ಮುಖ್ಯಸ್ಥರಾಗಿದ್ದ ಡಬ್ಲ್ಯು.ಎಫ್. ಸ್ಮೀತ್ 1916ರಲ್ಲಿ ಸಂಸ್ಥಾನದ ಭೂಚರಿತ್ರೆಯ ರೂಪರೇಖೆಯನ್ನು ಪ್ರಕಟಿಸಿದರು. ಬೆಂಗಳೂರಿನ ಲಾಲ್‌ಬಾಗ್ ಬಂಡೆಯಲ್ಲಿ ಕಾಣುವಂಥ ಪಟ್ಟೆಪಟ್ಟೆಯ ಹಳೆಯ ಕಲ್ಲಿಗೆ ಪೆನಿನ್ಸುಲರ್ ನೈಸ್ ಎಂಬ ಹೆಸರು ಬಳಕೆಗೆ ಬಂದದ್ದು ಅವರಿಂದ. ಕ್ಲೋಸ್‌ಪೇಟೆ ಗ್ರಾನೈಟ್ ಈ ನೈಸನ್ನು ಸೀಳಿಕೊಂಡು ಬಂದಿದೆ, ಹಾಗಾಗಿ ಅದಕ್ಕಿಂತ ಕಿರಿಯದು ಎಂಬ ತೀರ್ಮಾನ ಇಂದಿಗೂ ನಿಂತಿದೆ. ನೈಸಿನ ಹಳೆಯ ಭಾಗಗಳಿಗೆ 300 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. ಗ್ರಾನೈಟಿನ ಜಿರ್ಕಾನ್ ಹರಳುಗಳಲ್ಲಿ ಯುರೇನಿಯಂ ಸೀಸವಾಗಿ ಬದಲಾದ ಪ್ರಮಾಣವನ್ನು ಅಳೆದಾಗ ಸಿಕ್ಕಿದ ವಯಸ್ಸು ಸುಮಾರು 250 ಕೋಟಿ ವರ್ಷ.

ಸೀಳಿಕೊಂಡು ಬಂದದ್ದು ನಿಜ. ಆದರೆ ಕರಗಿ ಬಂತೇ? ಸ್ಕಾಟ್‌ಲ್ಯಾಂಡಿನ ಗ್ಲೆನ್ ಟಿಲ್ಟ್ ಕಣಿವೆಯಲ್ಲಿ ಕೆಂಪು ಗ್ರಾನೈಟಿನ ಎಳೆಗಳು ಹಳೆಯ ಕಲ್ಲಿನೊಳಗೆ ನುಗ್ಗಿದ್ದನ್ನು 1785ರಲ್ಲಿ ಕಂಡ ಜೇಮ್ಸ್ ಹಟ್ಟನ್, ಗ್ರಾನೈಟ್ ಒಂದು ಕಾಲಕ್ಕೆ ಕಾದ ದ್ರವವಾಗಿತ್ತು ಎಂದು ವಾದಿಸಿದ್ದ. ಆದರೂ 1940ರ ದಶಕದಲ್ಲಿ ಬ್ರಿಟನ್ನಿನ ಎಚ್.ಎಚ್. ರೀಡ್ ಮೊದಲಾದವರು ಬಹುಪಾಲು ಗ್ರಾನೈಟ್ ಕರಗಿದ್ದಲ್ಲ, ಬಿಸಿ ದ್ರವಗಳು ಹಾದುಹೋಗಿ ಹಳೆಯ ಕಲ್ಲೇ ಇದ್ದಲ್ಲೇ ಮಾರ್ಪಟ್ಟದ್ದು ಎಂದರು. ಬಿ.ಪಿ. ರಾಧಾಕೃಷ್ಣ 1956ರಲ್ಲಿ ಕ್ಲೋಸ್‌ಪೇಟೆ ಗ್ರಾನೈಟಿನ ಕುರಿತು ಗ್ರಂಥ ಪ್ರಕಟಿಸಿದಾಗ ಈ ಚರ್ಚೆ ಕಾವಿನಲ್ಲಿತ್ತು. ಹಳೆಯ ನೈಸೇ ಮರುರೂಪ ಪಡೆದು ಗ್ರಾನೈಟ್ ಆಯಿತೆಂಬ ನೋಟಕ್ಕೆ ಇಲ್ಲಿಯೂ ಬೆಂಬಲಿಗರಿದ್ದರು. ಪಟ್ಟಿಯ ದಕ್ಷಿಣ ತುದಿಯ ಕಬ್ಬಾಳದುರ್ಗದ ಕಲ್ಲುಗಣಿ ಅವರ ಪರವಾಗಿ ಮಾತಾಡುವಂತೆಯೂ ಇತ್ತು. ಅಲ್ಲಿ ಬೂದು ನೈಸಿನ ಪಟ್ಟೆಗಳನ್ನು ಅಡ್ಡ ದಾಟಿ, ಎಣ್ಣೆ ಸವರಿದಂತೆ ಮಿನುಗುವ ಕಪ್ಪು ಚಾರ್ನಕೈಟ್ ಮಚ್ಚೆಗಳು ಹಬ್ಬಿವೆ. ಕಪ್ಪಿನೊಳಗೂ ಹಳೆಯ ಪಟ್ಟೆಗಳು ಮಸುಕಾಗಿ ಕಾಣುತ್ತವೆ. ಸಿ.ಎಸ್. ಪಿಚ್ಚಮುತ್ತು 1960ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದನ್ನು ವರದಿ ಮಾಡಿದರು. ಆಳದಿಂದ ಬಂದ ಇಂಗಾಲದ ಡೈಆಕ್ಸೈಡ್ ನೈಸಿನ ನೀರಿನಂಶವನ್ನು ಹೊರದಬ್ಬಿದ್ದರಿಂದ ಹೀಗಾಯಿತು ಎಂಬ ವಿವರಣೆ ಮುಂದೆ ಬಲ ಪಡೆಯಿತು.

ಕರಗುವಿಕೆಯ ಪಕ್ಷಕ್ಕೆ ಗಟ್ಟಿ ಆಧಾರ ಸಿಕ್ಕಿದ್ದು ಪ್ರಯೋಗಶಾಲೆಯಲ್ಲಿ. ಒ.ಎಫ್. ಟಟ್ಟಲ್ ಮತ್ತು ಎನ್.ಎಲ್. ಬೋವೆನ್ ಕ್ವಾರ್ಟ್ಜ್ ಹಾಗೂ ಎರಡು ಬಗೆಯ ಫೆಲ್ಡ್‌ಸ್ಪಾರ್‌ನ ಸಂಯೋಜನೆಯನ್ನು ನೀರಿನೊಂದಿಗೆ ಒತ್ತಡದಲ್ಲಿ ಕಾಯಿಸಿ 1958ರಲ್ಲಿ ಫಲಿತಾಂಶ ಪ್ರಕಟಿಸಿದರು. ನೀರು ಸೇರಿದರೆ 650ರಿಂದ 700 ಡಿಗ್ರಿ ಸೆಲ್ಸಿಯಸ್ ಸುಮಾರಿಗೇ ಕರಗುವಿಕೆ ಶುರುವಾಗಬಲ್ಲದು; ಅತಿ ಕಡಿಮೆ ಉಷ್ಣತೆಯಲ್ಲಿ ಹುಟ್ಟುವ ಆ ದ್ರವದ ಸಂಯೋಜನೆಯೂ ನಿಸರ್ಗದ ಗ್ರಾನೈಟಿನದೂ ಬಹುಮಟ್ಟಿಗೆ ಒಂದೇ. ಅಲ್ಲಿಂದಾಚೆಗೆ ಪ್ರಶ್ನೆ ತಿರುಗಿತು: ಕರಗಿದ್ದು ಯಾವ ಕಲ್ಲು? ಆಸ್ಟ್ರೇಲಿಯಾದ ಚಾಪೆಲ್ ಮತ್ತು ವೈಟ್ 1974ರಲ್ಲಿ ಗ್ರಾನೈಟುಗಳನ್ನು ಮೂಲದ ಆಧಾರದ ಮೇಲೆ ವಿಂಗಡಿಸಿದರು: ಅಗ್ನಿಶಿಲೆ ಕರಗಿ ಬಂದದ್ದು ಐ ಬಗೆ, ಜಲಜಶಿಲೆ ಕರಗಿ ಬಂದದ್ದು ಎಸ್ ಬಗೆ.

ಕ್ಲೋಸ್‌ಪೇಟೆಯ ಕಲ್ಲು ಈ ಎರಡು ಮನೆಗಳಲ್ಲಿ ಸಲೀಸಾಗಿ ಕೂರುವುದಿಲ್ಲ. ಪೆನಿನ್ಸುಲರ್ ನೈಸ್ ಹೆಚ್ಚಾಗಿ ಸೋಡಿಯಂಭರಿತ. ಅದು ಭಾಗಶಃ ಕರಗಿದರೆ ಪೊಟ್ಯಾಸಿಯಂ ಮತ್ತು ಸಿಲಿಕಾ ಮೊದಲ ದ್ರವಕ್ಕೆ ಸೇರಿಕೊಳ್ಳುತ್ತವೆ. ಪಟ್ಟಿಯಲ್ಲಿ ಸಿಗುವ, ಶೇ 70ಕ್ಕಿಂತ ಹೆಚ್ಚು ಸಿಲಿಕಾ ಇರುವ ಗುಲಾಬಿ ಮತ್ತು ಬೂದು ಗ್ರಾನೈಟಿಗೆ ಈ ವಿವರಣೆ ಸಾಕು. ಆದರೆ ಅವುಗಳ ಜೊತೆಯಲ್ಲೇ ಕಪ್ಪು ಛಾಯೆಯ ಮಾಂಜೊನೈಟ್ ಇದೆ. ಅದರಲ್ಲಿ ಸಿಲಿಕಾ ಕಡಿಮೆ, ಮೆಗ್ನೀಸಿಯಂ ಹೆಚ್ಚು. ಬೇರಿಯಂ, ಸ್ಟ್ರಾನ್ಷಿಯಂ, ಲ್ಯಾಂಥನಮ್, ಸೀರಿಯಮ್ ಕೂಡ ಹೇರಳ. ನೈಸನ್ನು ಎಷ್ಟು ಕರಗಿಸಿದರೂ ಈ ಜೋಡಿ ಬಾರದು. ಮೆಗ್ನೀಸಿಯಂ ಭೂಕವಚದ ಕೆಳಗಿನ ಮ್ಯಾಂಟಲ್ ಕಡೆಗೆ ಬೆರಳು ಮಾಡುತ್ತದೆ. ಉಳಿದವು ಆ ಮ್ಯಾಂಟಲ್ ಮೊದಲೇ ಬೇರೆ ದ್ರವಗಳಿಂದ ಸಮೃದ್ಧವಾಗಿತ್ತೆಂದು ತಿಳಿಸುತ್ತವೆ. ಎಂ. ಜಯಾನಂದ, ಬಿ. ಮಹಾಬಲೇಶ್ವರ ಮತ್ತು ಫ್ರಾನ್ಸಿನ ಸಹೋದ್ಯೋಗಿಗಳು 1995ರಲ್ಲಿ ಈ ವಾದ ಮಂಡಿಸಿದರು: ಮ್ಯಾಂಟಲ್‌ನಿಂದ ಎದ್ದ ಶಿಲಾಪಾಕ ತನ್ನ ಬಿಸಿಯಿಂದ ಮೇಲಿನ ನೈಸನ್ನು ಕರಗಿಸಿತು, ಆಮೇಲೆ ಎರಡೂ ಬೆರೆತವು.

ಬೆರೆತದ್ದಕ್ಕೆ ಗುರುತು ಬಂಡೆಯಲ್ಲೇ ಇದೆ. ರಾಮನಗರದ ಸುತ್ತಿನ ಕಲ್ಲಿನಲ್ಲಿ ಕೆಲವು ಸೆಂ.ಮೀ. ಉದ್ದದ ಗುಲಾಬಿ ಫೆಲ್ಡ್‌ಸ್ಪಾರ್ ಹರಳುಗಳು ಹಲವೆಡೆ ಒಂದೇ ದಿಕ್ಕಿಗೆ ಮಲಗಿವೆ. ನಡುನಡುವೆ ನುಣುಪು ಕಣದ ಕಪ್ಪು ತುಂಡುಗಳು ಅದೇ ದಿಕ್ಕಿಗೆ ಎಳೆದುಕೊಂಡಿವೆ. ಗ್ರಾನೈಟಿನ ಗುಲಾಬಿ ಹರಳು ಕಪ್ಪು ತುಂಡಿನೊಳಗೂ ಹೊಕ್ಕಿದೆ. ಕಪ್ಪು ಭಾಗ ಆಗಲೇ ಗಟ್ಟಿಯಾಗಿದ್ದರೆ ಹರಳು ಒಳಗೆ ಹೋಗುವಂತಿರಲಿಲ್ಲ.

ಈ ಪಟ್ಟಿಯ ಅತಿ ದೊಡ್ಡ ಬೆಲೆ ಅದರ ಓರೆಯಲ್ಲಿದೆ. ಈ ನೆಲ ದಕ್ಷಿಣದಲ್ಲಿ ಹೆಚ್ಚು ಮೇಲೆದ್ದು ಹೆಚ್ಚು ಸವೆದಿದೆ. ಹಾಗಾಗಿ ಕನಕಪುರದ ಕಡೆ ಕಾಣುವುದು ಒಂದು ಕಾಲಕ್ಕೆ 20 ಕಿ.ಮೀ.ಗೂ ಹೆಚ್ಚು ಆಳದಲ್ಲಿದ್ದ ಬೇರು: ಅಲ್ಲಿ ಕರಗಿದ್ದು ಯಾವುದು, ಕರಗದೆ ಉಳಿದ ನೈಸ್ ಯಾವುದು ಎಂದು ಗೆರೆ ಎಳೆಯುವುದು ಕಷ್ಟ. ಉತ್ತರಕ್ಕೆ ಹೋದಂತೆ ಶಿಲಾಪಾಕ ಮೇಲೇರಿದ ದಾರಿ, ಅದಕ್ಕೂ ಆಚೆ ಹಂಪಿಯ ಕಡೆ ಮೇಲ್ಮೈಗೆ ಹತ್ತಿರದಲ್ಲಿ ತಣಿದು ನಿಂತ ಬಿಡಿಬಿಡಿ ಗ್ರಾನೈಟ್ ರಾಶಿಗಳು. ವಿಜಯನಗರದ ಕಲ್ಲುಕುಟಿಗರು ಸಾಲಾಗಿ ಗುಳಿ ತೋಡಿ ಸೀಳಿದ್ದು ಈ ಕೊನೆಯ ಭಾಗವನ್ನು. ಬೇರೆ ದೇಶಗಳ ಗ್ರಾನೈಟ್ ಪ್ರದೇಶಗಳಲ್ಲಿ ಸಾಮಾನ್ಯವಾಗಿ ಒಂದು ಆಳ ಮಾತ್ರ ನೋಡಲು ಸಿಗುತ್ತದೆ, ಉಳಿದುದನ್ನು ಊಹಿಸಬೇಕು. ಇಲ್ಲಿ ಬುಡದಿಂದ ನೆತ್ತಿಯವರೆಗೆ ನಡೆದೇ ನೋಡಬಹುದು.

ಇದಾದ ಮೇಲೆ ಈ ನೆಲದಲ್ಲಿ ಇಷ್ಟು ದೊಡ್ಡ ಪ್ರಮಾಣದ ಗ್ರಾನೈಟ್ ಹುಟ್ಟಲಿಲ್ಲ. ಸುಮಾರು 237 ಕೋಟಿ ವರ್ಷಗಳ ಹಿಂದೆ ಮತ್ತೆ ಮ್ಯಾಂಟಲ್‌ನಿಂದ ಶಿಲಾಪಾಕ ಬಂದಾಗ ಭೂಕವಚ ತಣಿದು ಬಿಗಿಯಾಗಿತ್ತು. ಅದು ಕರಗದೆ ಬಿರುಕು ಬಿಟ್ಟಿತು. ಬಿರುಕುಗಳಲ್ಲಿ ತುಂಬಿದ ಪಾಕ ಡಾಲರೈಟ್ ಗೋಡೆಗಳಾಗಿ ನಿಂತಿತು.