ಅನಾಬಾಸಿಸ್: ಏರಿ ಹೋದವರ ಪದ

ಅನಾಬಾಸಿಸ್

ಹಿಮ್ಮೆಟ್ಟುವ ಸೇನೆಯ ಸಂಕಟದ ನಡಿಗೆಗೆ ಈ ಪದವನ್ನು ಬಳಸುವುದುಂಟು. ಮೂಲಾರ್ಥ ಬೇರೆಯೇ. ಗ್ರೀಕಿನಲ್ಲಿ 'ಅನಾ' ಎಂದರೆ ಮೇಲೆ, 'ಬಾಸಿಸ್' ಎಂದರೆ ನಡೆ. ನಮ್ಮ ಕರಾವಳಿಯವರು ಘಟ್ಟ ಹತ್ತುವಂತೆ, ಗ್ರೀಕರಿಗೆ ಕಡಲತೀರದಿಂದ ಒಳನಾಡಿಗೆ ಹೋಗುವುದೆಂದರೆ ಮೇಲೇರುವುದು.

ಪದಕ್ಕೆ ಖ್ಯಾತಿ ತಂದವನು ಅಥೆನ್ಸಿನ ಸೈನಿಕ ಕ್ಸೆನೊಫೋನ್. ಕ್ರಿ.ಪೂ. 401ರಲ್ಲಿ ಪರ್ಷಿಯಾದ ರಾಜಕುಮಾರ ಕಿರಿಯ ಸೈರಸ್, ಅಣ್ಣ ಅರ್ತಕ್ಸೆರ್ಕ್ಸಿಸನ ಸಿಂಹಾಸನ ಕಸಿಯಲು ಸಾರ್ಡಿಸ್‌ನಿಂದ ಹೊರಟ. ಜೊತೆಗೆ ಹತ್ತು ಸಾವಿರಕ್ಕೂ ಮಿಕ್ಕಿದ ಗ್ರೀಕ್ ಬಾಡಿಗೆ ಸೈನಿಕರು. ಬ್ಯಾಬಿಲೋನ್ ಸಮೀಪದ ಕುನಾಕ್ಸದಲ್ಲಿ ಸೈರಸ್ ಸತ್ತ. ಸಂಧಾನಕ್ಕೆ ಕರೆದು ಗ್ರೀಕ್ ಸೇನಾನಿಗಳನ್ನೂ ಮೋಸದಿಂದ ಕೊಲ್ಲಲಾಯಿತು. ಉಳಿದವರು ಆರಿಸಿದ ಹೊಸ ನಾಯಕರಲ್ಲಿ ಕ್ಸೆನೊಫೋನನೂ ಒಬ್ಬ. ಕಾರ್ಡೂಕಿಯರೆಂಬ ಜನರ ಬೆಟ್ಟ, ಅರ್ಮೇನಿಯಾದ ಹಿಮ ದಾಟಿ ಅವರು ಕಪ್ಪು ಸಮುದ್ರ ಕಂಡರು. ಈ ನೆನಪುಗಳನ್ನೇ ಕ್ಸೆನೊಫೋನ್ 'ಅನಾಬಾಸಿಸ್' ಎಂಬ ಕೃತಿಯಾಗಿಸಿದ; ಅದರಲ್ಲಿ ತನ್ನನ್ನು 'ಅವನು' ಎಂದೇ ಬರೆದುಕೊಂಡಿದ್ದಾನೆ.

ಏಳು ಭಾಗಗಳ ಕೃತಿಯಲ್ಲಿ ನಿಜವಾದ 'ಏರುನಡೆ' ಇರುವುದು ಮೊದಲನೆಯದರಲ್ಲಿ ಮಾತ್ರ. ಉಳಿದದ್ದು ಮರಳುವ ಕಥೆ. ಓದುಗರ ಮನಸ್ಸಿನಲ್ಲಿ ನಿಂತದ್ದೂ ಅದೇ. ಅರ್ಥ ಜಾರಿದ್ದು ಸಹಜ.

'ಬಾಸಿಸ್' ನಮಗೆ ದೂರದ್ದೇನಲ್ಲ. ಸಂಸ್ಕೃತದ 'ಗತಿ' ಅದರ ಒಡಹುಟ್ಟು. ಎರಡೂ 'ಹೋಗು' ಎಂಬರ್ಥದ ಒಂದೇ ಇಂಡೋ-ಯುರೋಪಿಯನ್ ಬೇರಿನವು. ಡಯಾಬಿಟಿಸ್, ಆಕ್ರೊಬ್ಯಾಟ್ ಪದಗಳಲ್ಲಿಯೂ ಆ ಗ್ರೀಕ್ ಧಾತುವೇ ಇದೆ. 'ಕಟಾಬಾಸಿಸ್' ಎಂದರೆ ಇಳಿತ.

ಕ್ರಿ.ಶ. 2ನೇ ಶತಮಾನದ ಅರಿಯನ್, ಅಲೆಕ್ಸಾಂಡರನ ದಂಡಯಾತ್ರೆಯ ಚರಿತ್ರೆಗೂ ಇದೇ ಹೆಸರಿಟ್ಟ. ಇಂದು ಚೆಕ್ ಭಾಷೆಯಲ್ಲಿ 'ಅನಬಾಜೆ' ಎಂದರೆ ಸುತ್ತಿಬಳಸಿದ, ದಣಿಸುವ ಯಾವುದೇ ದೀರ್ಘ ಪಯಣ.