ನಿದ್ದೆಗೆ ಬಗ್ಗದ ಸುಸ್ತು

ಇಂಗ್ಲೆಂಡಿನ ಪ್ಲಿಮತ್ ಬಂದರಿನ ವೈದ್ಯ ಇ. ಎಲ್. ಫಾಕ್ಸ್ 1892ರಲ್ಲಿ ತಮ್ಮ ರೋಗಿಗೆ ಹೇಳಿದ ಔಷಧ ಮಾಂಸದಂಗಡಿಯಲ್ಲಿ ಸಿಗುವಂಥದ್ದು. ಕುರಿಯ ಕುತ್ತಿಗೆಯೊಳಗಿನ ಒಂದು ಗ್ರಂಥಿಯಲ್ಲಿ ಅರ್ಧ ತೆಗೆದುಕೊಳ್ಳಬೇಕು, ತುಸುವೇ ಹುರಿಯಬೇಕು, ಕರಂಟ್ ಹಣ್ಣಿನ ಜೆಲ್ಲಿಯೊಂದಿಗೆ ವಾರಕ್ಕೊಮ್ಮೆ ತಿನ್ನಬೇಕು. ಕಾಯಿಲೆ ಏನೆಂದರೆ ಎಷ್ಟು ಮಲಗಿದರೂ ಆರದ ಸುಸ್ತು. ಅದರ ಹಿಂದೆ ಊದಿದ ಮುಖ, ದಪ್ಪಗಾದ ನಾಲಿಗೆ, ಒಣಗಿದ ಚರ್ಮ, ಬೇಸಿಗೆಯಲ್ಲೂ ಬಿಡದ ಚಳಿ. ಚಿಕಿತ್ಸೆ ಫಲಿಸಿತು. ವರ್ಷಗಟ್ಟಲೆ ಮಂಕಾಗಿದ್ದವರು ವಾರಗಳಲ್ಲಿ ಎದ್ದು ಓಡಾಡತೊಡಗಿದರು.

ಈ ಸುಸ್ತನ್ನು ಕಾಯಿಲೆಯೆಂದು ಒಪ್ಪಿಕೊಳ್ಳುವುದಕ್ಕೇ ವೈದ್ಯಲೋಕಕ್ಕೆ ಬಹಳ ಕಾಲ ಹಿಡಿದಿತ್ತು. ನಡುವಯಸ್ಸು ದಾಟಿದ ಹೆಂಗಸೊಬ್ಬಳು ಹಗಲೆಲ್ಲ ತೂಕಡಿಸಿದರೆ, ಮಾತು ನಿಧಾನವಾದರೆ, ಮೈ ಭಾರವಾದರೆ, ವಯಸ್ಸಾಯಿತು ಎನ್ನುವುದು ಸುಲಭ. ಸೋಮಾರಿ ಎನ್ನುವುದು ಇನ್ನೂ ಸುಲಭ. ವೇಲ್ಸ್ ರಾಜಕುಮಾರನ ಟೈಫಾಯ್ಡ್ ಶುಶ್ರೂಷೆ ಮಾಡಿ ಹೆಸರಾಗಿದ್ದ ಸರ್ ವಿಲಿಯಂ ಗಲ್ 1873ರಲ್ಲಿ ಲಂಡನ್ನಿನ ಕ್ಲಿನಿಕಲ್ ಸೊಸೈಟಿಯ ಮುಂದೆ ಇಂಥ ಐವರು ಮಹಿಳೆಯರ ವಿವರ ಇಟ್ಟರು. ಎಲ್ಲರೂ ಮೊದಲು ಚುರುಕಾಗಿದ್ದವರೇ. ಮುಖ ದುಂಡಗಾಗಿ, ದನಿ ಗೊಗ್ಗರಾಗಿ, ಕೈಬೆರಳು ದಪ್ಪವಾಗಿ, ಮನಸ್ಸಿಗೇ ಜಡ ಹಿಡಿದಂತಾಗಿತ್ತು. ಆಲ್ಪ್ಸ್ ಕಣಿವೆಗಳ ಬುದ್ಧಿಮಾಂದ್ಯ ಮಕ್ಕಳ ಲಕ್ಷಣಗಳೇ ದೊಡ್ಡವರಲ್ಲಿ ತಡವಾಗಿ ಕಾಣಿಸಿಕೊಂಡಂತಿದೆ ಎಂದು ಗಲ್ ಗುರುತಿಸಿದರು. ಕಾರಣ ಅವರಿಗೆ ಹೊಳೆಯಲಿಲ್ಲ. ನಾಲ್ಕೈದು ವರ್ಷ ಕಳೆದ ಮೇಲೆ ವಿಲಿಯಂ ಆರ್ಡ್ ಅದೇ ಕಾಯಿಲೆಗೆ ಮಿಕ್ಸೆಡೀಮಾ ಎಂದು ಹೆಸರಿಟ್ಟರು. ಸತ್ತವರ ದೇಹ ಪರೀಕ್ಷಿಸಿದಾಗ ಥೈರಾಯ್ಡ್ ಗ್ರಂಥಿ ಸೊರಗಿಹೋಗಿದ್ದನ್ನೂ ಅವರು ಕಂಡರು. ಆದರೆ ಆ ಕಾಲದಲ್ಲಿ ಥೈರಾಯ್ಡಿಗೆ ಏನು ಕೆಲಸವಿದೆಯೆಂದು ಯಾರಿಗೂ ಗೊತ್ತಿರಲಿಲ್ಲ.

ಗೊತ್ತಾದದ್ದು ಸ್ವಿಟ್ಜರ್ಲೆಂಡಿನ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ, ಅದೂ ತಿಳಿಯದೆ ಆದ ಹಾನಿಯಿಂದ.

ಬರ್ನ್ ನಗರದ ಥಿಯೋಡೋರ್ ಕೋಹರ್ ಗಳಗಂಡದ ಶಸ್ತ್ರಚಿಕಿತ್ಸೆಯಲ್ಲಿ ಪಳಗಿದ ಕೈ. ಕುತ್ತಿಗೆಯನ್ನು ಕೊಯ್ದರೆ ರಕ್ತಸ್ರಾವದಿಂದ ಸಾವು ಖಚಿತವೆಂಬ ಕಾಲದಲ್ಲಿ ರೋಗಿಗಳನ್ನು ಉಳಿಸಿದವರು. ಗಂಟು ಮತ್ತೆ ಬೆಳೆಯದಿರಲೆಂದು ಹಲವರಲ್ಲಿ ಇಡೀ ಥೈರಾಯ್ಡ್ ಗ್ರಂಥಿಯನ್ನೇ ತೆಗೆದುಹಾಕಿದ್ದರು. 1874ರಲ್ಲಿ ಹೀಗೆ ಶಸ್ತ್ರಚಿಕಿತ್ಸೆಯಾದ 11 ವರ್ಷದ ಹುಡುಗಿಯೊಬ್ಬಳು ಆಮೇಲೆ ಪೂರ್ತಿ ಬದಲಾಗಿದ್ದಾಳೆ, ಮಂಕಾಗಿದ್ದಾಳೆ ಎಂಬ ಮಾತು ಅವಳ ಊರಿನ ವೈದ್ಯರಿಂದ ಬಂತು. ಜಿನೀವಾದ ಜಾಕ್ ರಿವರ್ಡಿನ್ ಕೂಡ 1882ರಲ್ಲಿ ತಮ್ಮ ರೋಗಿಗಳ ಬಗ್ಗೆ ಇಂಥದ್ದನ್ನೇ ಹೇಳಿದರು. ಕೋಹರ್ ತಮ್ಮ ಹಳೆಯ ರೋಗಿಗಳನ್ನೆಲ್ಲ ಮರಳಿ ಬರಹೇಳಿದರು. ಗ್ರಂಥಿಯ ಒಂದು ಭಾಗ ಉಳಿದಿದ್ದವರು ಚೆನ್ನಾಗಿಯೇ ಇದ್ದರು. ಪೂರ್ತಿ ತೆಗೆಸಿಕೊಂಡಿದ್ದವರಲ್ಲಿ 18 ಮಂದಿ ಬಂದರು. ಅವರಲ್ಲಿ 16 ಮಂದಿಗೆ ಸುಸ್ತು, ಊತ, ಚಳಿ, ನಿಧಾನಗತಿಯ ಮಾತು. 1883ರಲ್ಲಿ ಕೋಹರ್ ಇದನ್ನೆಲ್ಲ ಮುಚ್ಚಿಡದೆ ಜರ್ಮನ್ ಶಸ್ತ್ರಚಿಕಿತ್ಸಕರ ಸಭೆಯಲ್ಲಿ ಹೇಳಿದರು. ಥೈರಾಯ್ಡ್ ಕುರಿತ ಕೆಲಸಕ್ಕಾಗಿ 1909ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು.

ಅದೇ 1883ರಲ್ಲಿ ಲಂಡನ್ನಿನ ಫೆಲಿಕ್ಸ್ ಸೆಮನ್ ಎದ್ದು ನಿಂತು, ಗಲ್ ಕಂಡ ಮಹಿಳೆಯರು, ಆಲ್ಪ್ಸ್‌ನ ಮಕ್ಕಳು, ಕೋಹರ್ ಅವರ ರೋಗಿಗಳು, ಈ ಮೂರೂ ಗುಂಪಿನ ಕಷ್ಟ ಒಂದೇ, ಥೈರಾಯ್ಡ್ ಇಲ್ಲದಿರುವುದು ಎಂದರು. ಕೇಳಿದವರು ಮೊದಲು ಒಪ್ಪಲಿಲ್ಲ. ಕ್ಲಿನಿಕಲ್ ಸೊಸೈಟಿ ಒಂದು ಸಮಿತಿ ನೇಮಿಸಿತು. ನೂರಕ್ಕೂ ಹೆಚ್ಚು ರೋಗಿಗಳ ವಿವರ ಸೇರಿಸಿ, ಮಂಗಗಳ ಗ್ರಂಥಿ ತೆಗೆದು ವಿಕ್ಟರ್ ಹಾರ್ಸ್ಲಿ ನಡೆಸಿದ ಪ್ರಯೋಗಗಳನ್ನೂ ಪರಿಶೀಲಿಸಿ, 1888ರಲ್ಲಿ ಆ ಸಮಿತಿ ಸೆಮನ್ ಹೇಳಿದ್ದೇ ಸರಿಯೆಂದು ವರದಿ ಕೊಟ್ಟಿತು.

ಇಲ್ಲದ್ದನ್ನು ಹೊರಗಿನಿಂದ ಕೊಟ್ಟರೆ? ನ್ಯೂಕಾಸಲ್‌ನ ಜಾರ್ಜ್ ಮರೆಗೆ ಆಗ ಇನ್ನೂ 30 ತುಂಬಿರಲಿಲ್ಲ. ಕುರಿಯ ಥೈರಾಯ್ಡಿನ ರಸ ಚುಚ್ಚಿ ನೋಡುತ್ತೇನೆ ಎಂದು 1891ರ ಆರಂಭದಲ್ಲಿ ಅವರು ಸ್ಥಳೀಯ ವೈದ್ಯರ ಸಭೆಯಲ್ಲಿ ಹೇಳಿದಾಗ, ಹಾಗಿದ್ದರೆ ಬೆನ್ನುಹುರಿಯ ಕಾಯಿಲೆಗೆ ಬೆನ್ನುಹುರಿ ಅರೆದು ಕೊಡಬಹುದಲ್ಲ ಎಂದು ಒಬ್ಬರು ಚುಚ್ಚಿದರು. ಮರೆ ಹಿಂಜರಿಯಲಿಲ್ಲ. ಆಗತಾನೆ ಕಡಿದ ಕುರಿಯ ಗ್ರಂಥಿಯನ್ನು ಹೆಚ್ಚಿ, ಗ್ಲಿಸರಿನ್‌ನಲ್ಲಿ ನೆನೆಸಿ, ಬಟ್ಟೆಯಲ್ಲಿ ಹಿಂಡಿ ಸೋಸಿ, ನಾಲ್ಕೈದು ವರ್ಷಗಳಿಂದ ನರಳುತ್ತಿದ್ದ 46 ವರ್ಷದ ಮಹಿಳೆಯೊಬ್ಬರಿಗೆ ಚುಚ್ಚಿದರು. ಅಪರಿಚಿತರ ಎದುರು ಬರಲೂ ಸಂಕೋಚಪಡುತ್ತಿದ್ದ ಆಕೆ ಕೆಲವೇ ತಿಂಗಳಲ್ಲಿ ಮನೆಗೆಲಸ, ಪೇಟೆ ಎಲ್ಲವನ್ನೂ ತಾವೇ ನೋಡಿಕೊಳ್ಳುವಂತಾದರು. ಆಮೇಲೆ 28 ವರ್ಷ ಬದುಕಿ, 74ನೇ ವಯಸ್ಸಿನಲ್ಲಿ, 1919ರಲ್ಲಿ ತೀರಿಕೊಂಡರು. ಅಷ್ಟು ವರ್ಷ ಅವರನ್ನು ನಡೆಸಿದ ಔಷಧಕ್ಕೆ ಬೇಕಾದದ್ದು 870ಕ್ಕೂ ಹೆಚ್ಚು ಕುರಿಗಳ ಗ್ರಂಥಿ ಎಂದು ಮರೆ ಲೆಕ್ಕ ಕೊಟ್ಟರು. ಚುಚ್ಚುವುದೇ ಬೇಡ, ತಿಂದರೂ ಸಾಕು ಎಂದು 1892ರಲ್ಲೇ ತೋರಿಸಿದವರಲ್ಲಿ ಪ್ಲಿಮತ್ತಿನ ಫಾಕ್ಸ್ ಒಬ್ಬರು, ಲಂಡನ್ನಿನ ಹೆಕ್ಟರ್ ಮೆಕೆಂಜಿ ಇನ್ನೊಬ್ಬರು.

ನಿದ್ದೆ ಮಾಡಿದರೂ ಈ ಸುಸ್ತು ಏಕೆ ಹೋಗುವುದಿಲ್ಲ ಎಂಬುದಕ್ಕೆ ಉತ್ತರ ಬರ್ಲಿನ್‌ನಲ್ಲಿ ಸಿಕ್ಕಿತು. 1895ರಲ್ಲಿ ಅಡಾಲ್ಫ್ ಮ್ಯಾಗ್ನಸ್-ಲೆವಿ ರೋಗಿಗಳು ಸುಮ್ಮನೆ ಮಲಗಿದ್ದಾಗ ಎಷ್ಟು ಆಮ್ಲಜನಕ ಬಳಸುತ್ತಾರೆಂದು ಅಳೆದರು. ಮಿಕ್ಸೆಡೀಮಾದವರು ಉಳಿದವರಿಗಿಂತ ತೀರಾ ಕಡಿಮೆ ಬಳಸುತ್ತಿದ್ದರು. ಥೈರಾಯ್ಡ್ ಕೊಟ್ಟಾಗ ಅಳತೆ ಏರಿತು. ಹಸಿ ಕಟ್ಟಿಗೆಯ ಒಲೆಯಂತೆ ದೇಹ ಒಳಗೇ ಮಂದವಾಗಿ ಉರಿಯುತ್ತಿತ್ತು. ಎಂಟು ಗಂಟೆ ಮಲಗಲಿ, ಹನ್ನೆರಡು ಗಂಟೆ ಮಲಗಲಿ, ಉರಿ ಹೆಚ್ಚುವುದು ನಿದ್ದೆಯಿಂದಲ್ಲ. ಹೃದಯದ ಬಡಿತ, ಕರುಳಿನ ಚಲನೆ, ಮೈಯ ಬಿಸಿ, ಯೋಚನೆಯ ವೇಗ, ಎಲ್ಲವೂ ಒಟ್ಟಿಗೇ ಇಳಿದಿರುತ್ತವೆ. ರೋಗಿ ಬಾಯಲ್ಲಿ ಹೇಳುತ್ತಿದ್ದ ಸುಸ್ತಿಗೆ ಮೊದಲ ಸಲ ಒಂದು ಅಂಕಿ ಸಿಕ್ಕಿತು.

ಗ್ರಂಥಿಯೊಳಗಿನ ಆ ವಸ್ತು ಯಾವುದು ಎಂಬ ಹುಡುಕಾಟದಲ್ಲಿ ನಿದ್ದೆಗೂ ಒಂದು ಪಾತ್ರವಿದೆ. ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಎಡ್ವರ್ಡ್ ಕೆಂಡಾಲ್ ಹಂದಿಯ ಥೈರಾಯ್ಡ್ ರಾಶಿ ಹಾಕಿಕೊಂಡು ಕೂತಿದ್ದರು. ದ್ರಾವಣವೊಂದನ್ನು ಬಿಸಿಗಿಟ್ಟು ಅವರು ತೂಕಡಿಸಿಬಿಟ್ಟರು. ಎಚ್ಚರವಾಗುವಷ್ಟರಲ್ಲಿ ಆಲ್ಕೋಹಾಲ್ ಆವಿಯಾಗಿ ತಳದಲ್ಲಿ ಬಿಳಿ ಪೊರೆ ಉಳಿದಿತ್ತು. ಅದೇ ಜಾಡು ಹಿಡಿದು 1914ರ ಕ್ರಿಸ್ಮಸ್ ದಿನ ಶುದ್ಧ ಹರಳುಗಳನ್ನು ಪಡೆದರು. ಅದು ಥೈರಾಕ್ಸಿನ್. ಸುಮಾರು ಮೂರು ಟನ್ ಗ್ರಂಥಿಯಿಂದ ಸಿಕ್ಕದ್ದು 33 ಗ್ರಾಂ ಮಾತ್ರ. ಲಂಡನ್ನಿನಲ್ಲಿ ಚಾರ್ಲ್ಸ್ ಹ್ಯಾರಿಂಗ್ಟನ್ 1926ರಲ್ಲಿ ಅದರ ರಚನೆ ಬಿಡಿಸಿದರು, ಮರುವರ್ಷ ಜಾರ್ಜ್ ಬಾರ್ಜರ್ ಜೊತೆಗೂಡಿ ಪ್ರಯೋಗಶಾಲೆಯಲ್ಲೇ ತಯಾರಿಸಿದರು. ಆ ಅಣುವಿನಲ್ಲಿ ನಾಲ್ಕು ಅಯೋಡಿನ್ ಪರಮಾಣುಗಳಿವೆ.

ಅಯೋಡಿನ್ ಎಂದ ಮೇಲೆ ಕಥೆ ಆಸ್ಪತ್ರೆಯಿಂದ ಮಣ್ಣಿಗೆ, ಮಣ್ಣಿನಿಂದ ಅಡುಗೆಮನೆಗೆ ಬರಬೇಕು. ನೆಪೋಲಿಯನ್ ಯುದ್ಧಗಳಿಗೆ ಬೇಕಾದ ಪೆಟ್ಲುಪ್ಪು ಮಾಡಲು ಕಡಲಕಳೆಯ ಬೂದಿ ಬಳಸುತ್ತಿದ್ದ ಬರ್ನಾರ್ ಕೂರ್ಟ್ವಾ 1811ರಲ್ಲಿ ಅದನ್ನು ಕಂಡಿದ್ದರು. ಗಳಗಂಡಕ್ಕೆ ಸುಟ್ಟ ಸ್ಪಂಜಿನ ಬೂದಿ ಕೊಡುವುದು ಯುರೋಪಿನ ಹಳೆಯ ಮದ್ದು. ಅದರಲ್ಲಿ ಗುಣ ಕೊಡುವುದು ಅಯೋಡಿನ್ನೇ ಇರಬೇಕೆಂದು ಊಹಿಸಿ ಜಿನೀವಾದ ಜಾನ್ ಫ್ರಾಂಸ್ವಾ ಕ್ವಾಂಡೆ 1820ರಲ್ಲಿ ನೇರವಾಗಿ ಅದನ್ನೇ ಕೊಟ್ಟರು. ಗಂಟು ಕರಗಿತು. ಆದರೆ ಜನ ತಾವೇ ಕೊಂಡು ಅಳತೆಯಿಲ್ಲದೆ ಕುಡಿದು ಕಾಯಿಲೆಬಿದ್ದರು, ಔಷಧಕ್ಕೆ ಕೆಟ್ಟ ಹೆಸರು ಬಂತು. ಫ್ರೆಂಚ್ ವಿಜ್ಞಾನಿ ಬೂಸಿಂಗೋ ಆಂಡಿಸ್ ಪರ್ವತದ ಊರುಗಳನ್ನು ಸುತ್ತಿ ಬಂದು, ಅಯೋಡಿನ್ ಇರುವ ಉಪ್ಪನ್ನೇ ಹಂಚಿ ಎಂದು 1830ರ ದಶಕದಲ್ಲೇ ಹೇಳಿದರೂ ಕೇಳುವವರಿರಲಿಲ್ಲ. ಥೈರಾಯ್ಡಿನೊಳಗೆ ಅಯೋಡಿನ್ ಇದೆಯೆಂದು ಯೂಜಿನ್ ಬೌಮನ್ ತೋರಿಸಿದ್ದು ಆ ಶತಮಾನದ ಕೊನೆಯಲ್ಲಿ.

ಬೆಟ್ಟದ ನಾಡುಗಳಲ್ಲಿ ಹಿಮನದಿಗಳೂ ಮಳೆಯೂ ಮೇಲ್ಮಣ್ಣನ್ನು ಸಾವಿರಾರು ವರ್ಷ ತೊಳೆದಿವೆ. ಅಲ್ಲಿನ ನೀರಲ್ಲೂ ಬೆಳೆಯಲ್ಲೂ ಅಯೋಡಿನ್ ಕಡಿಮೆ. ಸ್ವಿಟ್ಜರ್ಲೆಂಡಿನ ಓಟ್ಟೊ ಬಯಾರ್ಡ್ 1918ರಲ್ಲಿ ಗ್ರೆಖೆನ್ ಎಂಬ ಬೆಟ್ಟದ ಹಳ್ಳಿಯ ಕುಟುಂಬಗಳಿಗೆ ಅಯೋಡಿನ್ ಬೆರೆಸಿದ ಉಪ್ಪು ಕೊಟ್ಟು ಫಲ ಕಂಡರು. ಹೆರಿಸೌ ಊರಿನ ಶಸ್ತ್ರಚಿಕಿತ್ಸಕ ಹಾನ್ಸ್ ಎಗೆನ್‌ಬರ್ಗರ್ ಭಾಷಣ ಮಾಡಿ, ಸಹಿ ಸಂಗ್ರಹಿಸಿ, 1922ರಲ್ಲಿ ತಮ್ಮ ಪ್ರಾಂತ್ಯದಲ್ಲಿ ಆ ಉಪ್ಪಿನ ಮಾರಾಟ ಆರಂಭವಾಗುವಂತೆ ಮಾಡಿದರು. ಎರಡು ವರ್ಷದ ನಂತರ ಅಮೆರಿಕದ ಮಿಷಿಗನ್ ಅದೇ ದಾರಿ ಹಿಡಿಯಿತು.

ಭಾರತದಲ್ಲಿ ಗಳಗಂಡದ ಪ್ರಶ್ನೆಯ ಬೆನ್ನು ಹತ್ತಿದವರು ರಾಬರ್ಟ್ ಮೆಕ್ಯಾರಿಸನ್. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಗಿಲ್ಗಿಟ್‌ನಲ್ಲಿದ್ದಾಗ, ಒಂದೇ ತೊರೆಯ ನೀರು ಕುಡಿಯುವ ಹಳ್ಳಿಗಳಲ್ಲಿ ಕೆಳಗೆ ಹೋದಂತೆಲ್ಲ ಗಳಗಂಡ ಹೆಚ್ಚುವುದನ್ನು ಅವರು ಗಮನಿಸಿದರು. ಕೊಳಕು ನೀರೇ ಕಾರಣವೆಂದು ನಂಬಿ ಆ ನೀರಿನ ಕೆಸರನ್ನು ತಾವೂ ಕುಡಿದು ಪರೀಕ್ಷಿಸಿದರು. ಮುಂದೆ ನೀಲಗಿರಿಯ ಕೂನೂರಿನಲ್ಲಿ ಅವರು ಕಟ್ಟಿದ ಆಹಾರ ಸಂಶೋಧನಾ ಕೇಂದ್ರವೇ ಹೈದರಾಬಾದಿಗೆ ಹೋಗಿ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. ಗಟ್ಟಿ ಪುರಾವೆ ಸಿಕ್ಕಿದ್ದು ಸ್ವಾತಂತ್ರ್ಯದ ನಂತರ, ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು 1956ರಲ್ಲಿ ಸುಮಾರು ಒಂದು ಲಕ್ಷ ಜನರಿರುವ ಪ್ರದೇಶವನ್ನು ಮೂರು ಭಾಗ ಮಾಡಿ, ಎರಡಕ್ಕೆ ಅಯೋಡಿನ್ ಸೇರಿಸಿದ ಉಪ್ಪು, ಒಂದಕ್ಕೆ ಬರೀ ಉಪ್ಪು ಕೊಟ್ಟರು. 1962ರ ಹೊತ್ತಿಗೆ ಮೊದಲೆರಡರಲ್ಲಿ ಗಳಗಂಡ ಗಣನೀಯವಾಗಿ ಇಳಿದಿತ್ತು, ಮೂರನೆಯದರಲ್ಲಿ ಇಳಿಯಲಿಲ್ಲ. ಅದೇ ವರ್ಷ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು.

ಇದು ಹಿಮಾಲಯದ ತಪ್ಪಲಿನ ತೊಂದರೆ ಮಾತ್ರ ಎಂಬ ನಂಬಿಕೆ ಮುಂದಿನ ಸಮೀಕ್ಷೆಗಳಲ್ಲಿ ಬಿದ್ದುಹೋಯಿತು. ಬಯಲುಸೀಮೆ, ಕರಾವಳಿ, ಎಲ್ಲೆಡೆಯೂ ಗಳಗಂಡ ಸಿಕ್ಕಿತು. ಕರ್ನಾಟಕದಲ್ಲಿ ಮಳೆ ಸುರಿಯುವ ಚಿಕ್ಕಮಗಳೂರು, ಕೊಡಗಿನ ಹೆಸರೂ ಪಟ್ಟಿ ಸೇರಿದವು. ಸಮುದ್ರದ ಉಪ್ಪಿನಲ್ಲಿ ಅಯೋಡಿನ್ ತಾನಾಗಿಯೇ ಇರುತ್ತದೆ ಎಂದು ಅನೇಕರು ಇಂದಿಗೂ ಭಾವಿಸುತ್ತಾರೆ. ಗೋಕರ್ಣದ ಬಳಿ ಸಾಣಿಕಟ್ಟೆಯಂಥ ಆಗರಗಳಲ್ಲಿ ಬಿಸಿಲಿಗೆ ಒಣಗಿಸಿ ತೆಗೆದ ಉಪ್ಪಿನಲ್ಲೂ ಅದು ಇರುವುದು ಅತ್ಯಲ್ಪ, ಬೇಕಾದಷ್ಟನ್ನು ಬೇರೆಯಾಗಿ ಬೆರೆಸಬೇಕು. ದೇಶಕ್ಕೆಲ್ಲ ಅಯೋಡಿನ್ ಉಪ್ಪು ಎಂಬ ನಿರ್ಧಾರ 1980ರ ದಶಕದಲ್ಲಿ ಬಂತು. ಟಾಟಾ ಸಾಲ್ಟ್ ಪ್ಯಾಕೆಟ್ ಮಾರುಕಟ್ಟೆಗೆ ಇಳಿದದ್ದೂ 1983ರಲ್ಲಿ. ಅಯೋಡಿನ್ ಇಲ್ಲದ ಉಪ್ಪನ್ನು ತಿನ್ನಲು ಮಾರಬಾರದೆಂಬ ಕೇಂದ್ರದ ನಿಷೇಧವನ್ನು 2000ದಲ್ಲಿ ಹಿಂತೆಗೆದುಕೊಳ್ಳಲಾಯಿತು, 2006ರಲ್ಲಿ ಮತ್ತೆ ಜಾರಿಗೊಳಿಸಲಾಯಿತು. ಅಂಗಡಿಯಲ್ಲಿ ಗೋಣಿಯಿಂದ ಸೇರಿನಲ್ಲಿ ಅಳೆದು ಕೊಡುತ್ತಿದ್ದ ಕಲ್ಲುಪ್ಪಿನ ಜಾಗವನ್ನು ಪುಡಿಯುಪ್ಪಿನ ಪ್ಯಾಕೆಟ್ ಹಿಡಿದದ್ದು ಹೀಗೆ.

ಉಪ್ಪು ಸರಿಹೋಯಿತು, ಆದರೂ ಸುಸ್ತು ಉಳಿಯಿತು. ಜಪಾನಿನ ಹಕಾರು ಹಶಿಮೊಟೊ ಎಂಬ ತರುಣ ವೈದ್ಯರು 1912ರಲ್ಲಿ ನಾಲ್ವರು ಮಹಿಳೆಯರ ಥೈರಾಯ್ಡಿನಲ್ಲಿ ಬಿಳಿ ರಕ್ತಕಣಗಳು ಮುತ್ತಿಕೊಂಡಿರುವುದನ್ನು ಕಂಡು ಜರ್ಮನ್ ಪತ್ರಿಕೆಯೊಂದರಲ್ಲಿ ಬರೆದಿದ್ದರು. ಅವರು ಊರಿಗೆ ಮರಳಿ ವೈದ್ಯವೃತ್ತಿ ಮಾಡಿಕೊಂಡಿದ್ದು, 1934ರಲ್ಲಿ ಟೈಫಾಯ್ಡಿನಿಂದ ತೀರಿಕೊಂಡರು. ದೇಹದ ರಕ್ಷಣಾ ವ್ಯವಸ್ಥೆಯೇ ತಿರುಗಿಬಿದ್ದು ಗ್ರಂಥಿಯನ್ನು ತಿನ್ನುವ ಕಾಯಿಲೆಯಿದು ಎಂದು ಲಂಡನ್ನಿನಲ್ಲಿ ಐವನ್ ರಾಯಿಟ್, ಡೆಬೋರಾ ಡೋನಿಯಾಕ್ ಮತ್ತು ಸಂಗಡಿಗರು ತೋರಿಸಿದ್ದು 1956ರಲ್ಲಿ. ಅಯೋಡಿನ್ ಸಾಕಷ್ಟಿರುವ ಕಡೆ ಥೈರಾಯ್ಡ್ ಕುಗ್ಗಲು ಇದೇ ಮುಖ್ಯ ಕಾರಣ, ಹೆಂಗಸರಲ್ಲೇ ಹೆಚ್ಚು. ಬೆಂಗಳೂರೂ ಸೇರಿದಂತೆ ಭಾರತದ ಎಂಟು ನಗರಗಳಲ್ಲಿ ಐದು ಸಾವಿರಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಮಾರು ಶೇ. 11ರಷ್ಟು ಮಂದಿಗೆ ಥೈರಾಯ್ಡ್ ಕೊರತೆ ಕಂಡುಬಂತು.

ಹೀಗಾಗಿ ಕನ್ನಡದ ಮನೆಗಳಲ್ಲಿ ಹೊಸದೊಂದು ರೂಢಿ ಬಂದಿದೆ. ಬೆಳಿಗ್ಗೆ ಎದ್ದೊಡನೆ ಖಾಲಿ ಹೊಟ್ಟೆಗೆ ಥೈರಾಕ್ಸಿನ್‌ನ ಚಿಕ್ಕ ಬಿಳಿ ಮಾತ್ರೆ, ಅರ್ಧ ಗಂಟೆಯ ನಂತರವೇ ಕಾಫಿ. "ನಂಗೆ ಥೈರಾಯ್ಡ್ ಇದೆ ಕಣೇ" ಎಂದರೆ ಯಾರೂ ಮತ್ತೆ ಕೇಳುವುದಿಲ್ಲ. ಥೈರಾಯ್ಡಿನ ಸ್ಥಿತಿ ತಿಳಿಸುವ ರಕ್ತದ ಟಿಎಸ್‌ಎಚ್ ಪರೀಕ್ಷೆ ಸಣ್ಣ ಊರಿನ ಲ್ಯಾಬಿನಲ್ಲೂ ಆಗುತ್ತದೆ, ವರದಿಯ ಅಂಕಿ ಗೆರೆ ದಾಟಿತೆಂದರೆ ಮಾತ್ರೆ ಶುರು. ಗಲ್ ಅವರ ಕಾಲದ ತೊಂದರೆ ಈಗ ತಿರುವುಮುರುವಾಗಿದೆ. ಆಗ ಸುಸ್ತನ್ನು ಯಾರೂ ಕಾಯಿಲೆಯೆಂದು ನಂಬುತ್ತಿರಲಿಲ್ಲ, ಈಗ ಎಲ್ಲ ಸುಸ್ತನ್ನೂ ಥೈರಾಯ್ಡಿನ ತಲೆಗೆ ಕಟ್ಟುವವರಿದ್ದಾರೆ. ಯುರೋಪಿನಲ್ಲಿ 65 ದಾಟಿದ, ಅಂಕಿ ಸ್ವಲ್ಪವೇ ಏರುಪೇರಾಗಿದ್ದ 737 ಮಂದಿಯಲ್ಲಿ ಕೆಲವರಿಗೆ ಥೈರಾಕ್ಸಿನ್, ಉಳಿದವರಿಗೆ ಸುಳ್ಳುಮಾತ್ರೆ ಕೊಟ್ಟು ನೋಡಿದ ಪ್ರಯೋಗದ ಫಲ 2017ರಲ್ಲಿ ಹೊರಬಂತು. ಒಂದು ವರ್ಷದ ನಂತರ ಎರಡೂ ಗುಂಪಿನವರ ಆಯಾಸದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಗ್ರಂಥಿ ನಿಜಕ್ಕೂ ಸೋತವರಿಗೆ ಆ ಮಾತ್ರೆ ಬೇಕೇ ಬೇಕು. ಉಳಿದವರ ಸುಸ್ತಿಗೆ ರಕ್ತಹೀನತೆ, ಗೊರಕೆಯ ನಡುವೆ ಉಸಿರು ಕಟ್ಟುವುದು, ಸಕ್ಕರೆ ಕಾಯಿಲೆ, ಖಿನ್ನತೆ ಹೀಗೆ ಬೇರೆ ಕಾರಣಗಳನ್ನು ವೈದ್ಯರು ಒಂದೊಂದಾಗಿ ಹುಡುಕಬೇಕಾಗುತ್ತದೆ.