ಜಕಾತಿ ನಾಕಾದಿಂದ ಟೋಲ್ ನಾಕಾದವರೆಗೆ

ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ದಾರಿಯಲ್ಲಿ ಗಣೇಬೈಲ್ ಟೋಲ್ ನಾಕಾ ಬಂತೆಂದರೆ ವಾಹನದಲ್ಲಿದ್ದವರೊಬ್ಬರು ಗೊಣಗುತ್ತಾರೆ: 'ಈ ಕಂಪನಿಯವ್ರಿಗೆ ಇನ್ನೂ ಎಷ್ಟು ರೊಕ್ಕ ಸುರೀಬೇಕ್ರಿ?' ನಾವೂ ಹಲವು ಸಲ ಹೀಗೆ ಗೊಣಗಿದ್ದೇವೆ. ಲೆಕ್ಕ ಬಿಡಿಸಿ ನೋಡಿದಾಗ ನಮ್ಮ ಸಿಟ್ಟು ತಪ್ಪು ವಿಳಾಸಕ್ಕೆ ಹೋಗುತ್ತಿತ್ತು ಎಂಬುದು ತಿಳಿಯಿತು. ಬೆಳಗಾವಿ-ಖಾನಾಪುರ ರಸ್ತೆ ಚತುಷ್ಪಥವಾದದ್ದು 2016ರಲ್ಲಿ ಕೇಂದ್ರ ಸರ್ಕಾರ ಜಾರಿಗೆ ತಂದ 'ಹೈಬ್ರಿಡ್ ಆನ್ಯುಟಿ' ಪದ್ಧತಿಯಲ್ಲಿ. ಇದರಲ್ಲಿ ನಿರ್ಮಾಣ ವೆಚ್ಚದ ಶೇ. 40ರಷ್ಟನ್ನು ಸರ್ಕಾರ ಕೆಲಸ ನಡೆಯುವಾಗಲೇ ಕೊಡುತ್ತದೆ. ಉಳಿದ ಶೇ. 60ನ್ನು ಕಂಪನಿ ಹೊಂದಿಸಿಕೊಳ್ಳಬೇಕು. ಅದನ್ನು ಸರ್ಕಾರ ಕಂತುಗಳಲ್ಲಿ ತೀರಿಸುತ್ತದೆ. ಆ ಅವಧಿಯುದ್ದಕ್ಕೂ ರಸ್ತೆಯ ದುರಸ್ತಿ ಕಂಪನಿಯದೇ ಹೊಣೆ. ಟೋಲಿನ ಹಣ ಮಾತ್ರ ಹೆದ್ದಾರಿ ಪ್ರಾಧಿಕಾರಕ್ಕೆ ಸೇರುತ್ತದೆ. ಬೆಳಗಾವಿ-ಧಾರವಾಡ ನಡುವಿನ ಸುಮಾರು 80 ಕಿ.ಮೀ. ಹೆದ್ದಾರಿಯ ಕತೆ ಬೇರೆ. ಹಿರೇಬಾಗೇವಾಡಿಯಲ್ಲಿ ನಾವು ಕೊಡುವ ಟೋಲ್, ರಸ್ತೆ ಕಟ್ಟಿದ ಕಂಪನಿಯೇ ವಸೂಲು ಮಾಡಿಕೊಳ್ಳುವ ಒಪ್ಪಂದದ್ದು.

ಸರ್ಕಾರ ಮತ್ತು ಸಾಹುಕಾರರ ಈ ಕೂಡುವ್ಯವಹಾರ ಜಾಗತೀಕರಣದ ಜೊತೆ ಬಂದದ್ದೆಂದು ನಾವು ತಿಳಿದಿದ್ದೇವೆ. ಇತಿಹಾಸ ಹಾಗೆ ಹೇಳುವುದಿಲ್ಲ. ಇಂದು ಬ್ರಿಟಿಷ್ ಮ್ಯೂಸಿಯಂನಲ್ಲಿರುವ, 1204ರ ಕಾಲದ ಬೆಳಗಾವಿಯ ರಟ್ಟರ ಶಾಸನಗಳನ್ನು ನೋಡಿ. ವೇಣುಗ್ರಾಮವೆಂದು ಕರೆಸಿಕೊಳ್ಳುತ್ತಿದ್ದ ಈ ಊರಿನ ವರ್ತಕರು, ಲಾಟ ಮತ್ತು ಮಲೆಯಾಳ ದೇಶದ ವ್ಯಾಪಾರಿಗಳೊಡಗೂಡಿ, ತಮ್ಮ ಸರಕುಗಳ ಮೇಲೆ ತಾವೇ ತೆರಿಗೆ ಹಾಕಿಕೊಂಡು ಬಸದಿಗೆ ದತ್ತಿ ಕೊಟ್ಟ ಸಂಗತಿ ಅದರಲ್ಲಿದೆ. ಯಾರು ಕೊಡುತ್ತಾರೆ, ಯಾತಕ್ಕೆ ಕೊಡುತ್ತಾರೆ ಎಂಬುದನ್ನು ಎಲ್ಲರ ಕಣ್ಣಿಗೆ ಬೀಳುವಂತೆ ಕಲ್ಲಿನಲ್ಲಿ ಕೆತ್ತಿಸಿದ್ದರು.

ಮುಂಬಯಿ ಪ್ರಾಂತ್ಯದ ಕಾಲಕ್ಕೆ ಬರೋಣ. 1850ರ ಕಾಯಿದೆಯ ಪ್ರಕಾರ ಊರವರು ಬೇಡಿಕೆ ಸಲ್ಲಿಸಿದರೆ ಮಾತ್ರ ಪುರಸಭೆ. ಹಾಗೆ 1851ರಲ್ಲಿ ಬೆಳಗಾವಿ ಪುರಸಭೆ ಹುಟ್ಟಿತು. ಹಳ್ಳಿಗಳ ಪಾಲಿಗೆ 1869ರ ಸ್ಥಳೀಯ ನಿಧಿ ಕಾಯಿದೆ ಬಂತು. ರೈತ ಕಂದಾಯದ ಪ್ರತಿ ರೂಪಾಯಿಗೆ ಒಂದಾಣೆ ಹೆಚ್ಚು ಕೊಡಬೇಕು, ಅದರಲ್ಲಿ ಒಂದು ಪಾಲು ಶಾಲೆಗೆ, ದೊಡ್ಡ ಪಾಲು ರಸ್ತೆಗೆ. 1875ರ ಕಾಯಿದೆಯಂತೂ ರಸ್ತೆ ಮತ್ತು ಸೇತುವೆಗಳ ಸುಂಕ ವಸೂಲಿಯನ್ನು ಗುತ್ತಿಗೆಗೆ ಕೊಡಲು ಅವಕಾಶ ಮಾಡಿತು. ಗುತ್ತಿಗೆದಾರ ಬಿದಿರು ಅಡ್ಡ ಹಾಕಿ ಚಕ್ಕಡಿಗಳನ್ನು ನಿಲ್ಲಿಸಬಹುದಾಗಿತ್ತು. ಆದರೆ ಗಾಲಿ ಹೂತರೆ ಅವನನ್ನು ಕೇಳುವಂತಿರಲಿಲ್ಲ. ಸುಂಕ ಅವನದು, ರಸ್ತೆ ಸರ್ಕಾರದ್ದು. ಹಣ ಎತ್ತುವ ಕೈ, ಕಲ್ಲು ಹಾಕುವ ಕೈ ಬೇರೆಯಾದದ್ದು ಆಗಲೇ.

1880ರ ದಶಕದಲ್ಲಿ ಬೆಳಗಾವಿ, ಖಾನಾಪುರ, ಲೋಂಡಾಗಳಿಗೆ ಬಂದ ಸದರ್ನ್ ಮರಾಠಾ ರೈಲ್ವೆಯೂ ಖಾಸಗಿ ಕಂಪನಿಯೇ. ಬಂಡವಾಳ ಷೇರುದಾರರದು, ಬಡ್ಡಿಗೆ ಜಾಮೀನು ಸರ್ಕಾರದ್ದು. ರೈಲಿನಲ್ಲಿ ಕೂರದ ರೈತನೂ ಆ ಜಾಮೀನಿಗೆ ಪಾಲುದಾರನಾಗಿದ್ದ. ಆದರೂ ಆ ರೈಲು ಖಾನಾಪುರದ ಸೀಮೆಯನ್ನು ಹೊರಜಗತ್ತಿಗೆ ಜೋಡಿಸಿತೆಂಬುದನ್ನು ನಾವು ಮರೆಯಬಾರದು. ಕಂಪನಿ ಎಂದಾಕ್ಷಣ ಕೆಟ್ಟದ್ದೆನ್ನುವುದು ನಮ್ಮ ವಾದವಲ್ಲ.

ಸ್ವಾತಂತ್ರ್ಯಾನಂತರ ಊರಿನ ಬೀದಿಗಳು ನಗರಸಭೆಯವಾದವು, 1976ರಲ್ಲಿ ಮಹಾನಗರಪಾಲಿಕೆಯವಾದವು. ಊರ ಬಾಗಿಲಿನ ಜಕಾತಿ ನಾಕಾಗಳ ಕಾಟ ಕಂಡವರಿಗೇ ಗೊತ್ತು; ಆದರೆ ಆ ಹಣ ಊರಿನದಾಗಿತ್ತು. 1979ರಲ್ಲಿ ರಾಜ್ಯ ಸರ್ಕಾರ ಜಕಾತಿ ರದ್ದು ಮಾಡಿತು. ಲಾರಿಯವರು ನಿಟ್ಟುಸಿರು ಬಿಟ್ಟರು, ಪಾಲಿಕೆಗಳು ಬೆಂಗಳೂರಿನ ಅನುದಾನಕ್ಕೆ ಕೈಚಾಚಿದವು. ಸ್ವಂತ ಕಾಸಿಲ್ಲದ ಮನೆಗೆ ಪಾಲುದಾರರು ಬರುವುದು ಸಹಜ.

2005ರಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರ್ಗಿಗಳ ಕೆಲವು ಬಡಾವಣೆಗಳಿಗೆ ಇಪ್ಪತ್ನಾಲ್ಕು ತಾಸು ನೀರು ಕೊಡುವ ಕೆಲಸ ವಿಶ್ವಬ್ಯಾಂಕಿನ ಸಾಲದಲ್ಲಿ ಖಾಸಗಿ ಕಂಪನಿಯ ಕೈಸೇರಿತು. ನೀರನ್ನು ಮಾರಾಟದ ಸರಕಾಗಿಸುತ್ತಾರೆಂಬ ಭಯ ಹಲವರಲ್ಲಿತ್ತು. ಆದರೆ ಅದರಲ್ಲೊಂದು ಪಾಠವೂ ಇತ್ತು. ಕಂಪನಿಯ ಸಂಭಾವನೆಯನ್ನು ಅದು ಕೊಡುವ ಸೇವೆಗೆ ತಳಕು ಹಾಕಲಾಗಿತ್ತು. ನಳಕ್ಕೆ ನೀರು ಬಂತೋ ಇಲ್ಲವೋ ಎಂಬುದೇ ಪರೀಕ್ಷೆ.

ಬೀದಿಗಳಿಗೆ ಈ ಪರೀಕ್ಷೆ ಯಾಕಿಲ್ಲ? 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಗಳ ಮೊದಲ ಪಟ್ಟಿಯಲ್ಲೇ ಬೆಳಗಾವಿಯ ಹೆಸರು ಬಂತು. ರಾಜ್ಯ ಸರ್ಕಾರ ಮತ್ತು ಪಾಲಿಕೆ ಸಮಪಾಲಿನ ಕಂಪನಿ ಕಟ್ಟಿದವು. 1924ರ ಅಧಿವೇಶನವನ್ನು ನೆನಪಿಸುವ ಟಿಳಕವಾಡಿಯ ಕಾಂಗ್ರೆಸ್ ರಸ್ತೆಯೂ ಹೊಸದಾಯಿತು. ಆ ಯೋಜನೆಯ ಅವಧಿ 2025ರ ಮಾರ್ಚ್ 31ಕ್ಕೆ ಮುಗಿಯಿತು. ಇನ್ನು ಆ ಪಾದಚಾರಿ ಹಾದಿಯ ಫರಸಿ ಕಿತ್ತರೆ ಕೂಡಿಸುವ ಹೊಣೆ ಮತ್ತೆ ಕಾಸಿಲ್ಲದ ಪಾಲಿಕೆಯದೇ.

ನಮ್ಮ ಗಲ್ಲಿಯದೇ ಮಾತು ಹೇಳಬೇಕೆಂದರೆ, ಡಾಂಬರು ಆರುವ ಮುನ್ನವೇ ಯಾರೋ ಬಂದು ಪೈಪಿಗೆಂದು ಅಗೆದು ಮಣ್ಣು ಮುಚ್ಚಿ ಹೋದರು. ವಿಚಾರಿಸಲು ಹೋದ ನಮ್ಮನ್ನು ಒಂದು ಕಚೇರಿಯವರು ಇನ್ನೊಂದಕ್ಕೆ ಕಳಿಸಿದರು, ಆ ಇನ್ನೊಂದರವರು ಗುತ್ತಿಗೆದಾರನ ಫೋನ್ ನಂಬರು ಕೊಟ್ಟರು. ಮಳೆಗಾಲದಲ್ಲಿ ನೆರೆಮನೆಯ ಖಾಲಾ ಆ ಗುಂಡಿಯಲ್ಲೇ ಬಿದ್ದು ಮೊಣಕೈ ಮುರಿದುಕೊಂಡರು. ಅವರ ಮೊಣಕೈಗೆ ಜವಾಬ್ದಾರರು ಯಾವ ಒಪ್ಪಂದದಲ್ಲೂ ಇರಲಿಲ್ಲ.

ಖಾನಾಪುರ ತಾಲ್ಲೂಕಿನ ಪಡುವಣ ಕಾಡಿನಲ್ಲಿ ಪಾಲುದಾರರೇ ಇಲ್ಲ. 2024ರ ಮಳೆಗಾಲದಲ್ಲಿ ಆಮಗಾಂವದ ಜನ ರೋಗಿಯೊಬ್ಬರನ್ನು ಹೆಗಲ ಮೇಲೆ ಹೊತ್ತು ಕಾಡುದಾರಿಯಲ್ಲಿ ನಡೆದದ್ದನ್ನು ನಾವು ಪತ್ರಿಕೆಗಳಲ್ಲಿ ಓದಿದೆವು. ಅಭಯಾರಣ್ಯದ ಕಾನೂನು ಒಂದು ಕಡೆ, ಮಳೆ ಇನ್ನೊಂದು ಕಡೆ. ದಿನಕ್ಕೆ ನಾಲ್ಕು ಬೈಕು ಓಡದ ದಾರಿಗೆ ಯಾವ ಕಂಪನಿ ಬಂಡವಾಳ ಹೂಡೀತು? ಲಾಭ ಇರುವಲ್ಲಿ ಪಾಲುದಾರಿಕೆ, ಇಲ್ಲದಲ್ಲಿ ಹೆಗಲು ಎಂದಾದರೆ ಸರ್ಕಾರ ಇರುವುದು ಯಾರಿಗಾಗಿ?

ಕಂಪನಿ ಬರಲಿ, ಬಿಡಲಿ. ಪ್ರತಿ ಬೀದಿಯ ತಲೆಗೆ ಒಂದು ಹಲಗೆ ಇರಲಿ: ಕಟ್ಟಿದವರು ಯಾರು, ದುರಸ್ತಿಯ ಹೊಣೆ ಯಾವ ತಾರೀಖಿನವರೆಗೆ, ತಪ್ಪಿದರೆ ಎಷ್ಟು ದಂಡ. ನಮಗರ್ಥವಾಗುವ ಭಾಷೆಯಲ್ಲಿರಲಿ, ಅಷ್ಟೆ. ಎಂಟುನೂರು ವರ್ಷಗಳ ಹಿಂದೆ ಇದೇ ಊರಿನ ವರ್ತಕರು ಕಲ್ಲಿನ ಮೇಲೆ ಬರೆಸಿಟ್ಟಿದ್ದರು. ನಮಗೆ ತಗಡಿನ ಮೇಲೆ ಬರೆದರೂ ಸಾಕು.